ಬಲಗಡೆಯ ಕಳ್ಳನ ಮನೆ

ಪೂಜ್ಯ ಮರಿಯದಾಸ ಗುರುಗಳು ನಮ್ಮ ಬೋಳುಬಂಡೆಯಲ್ಲಿ ಇಪ್ಪತ್ತಾರು ವರ್ಷ ಇದ್ದರು. ಅಷ್ಟೂ ವರ್ಷ ಚರ್ಚಿನ ಹಿಂಭಾಗದ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿದರು. ಮಣ್ಣಿನ ಗೋಡೆ, ನಾಡಹೆಂಚು, ಒಂದು ಕಿಟಕಿ. ಯಾರೋ ಪುಣ್ಯಾತ್ಮರು ನಗರದಿಂದ ಮಂಚವೊಂದನ್ನು ಕಳುಹಿಸಿಕೊಟ್ಟಿದ್ದರು. ಅದು ಬಂದ ದಿನವೇ ಗುರುಗಳು ಅದನ್ನು ಹೆರಿಗೆಯಾಗಿದ್ದ ಆರೋಗ್ಯಮ್ಮನ ಮನೆಗೆ ಹೊರಿಸಿ ಕಳುಹಿಸಿದರು. ಬೆಳಗಿನ ಪೂಜೆ ಮುಗಿಸಿ, ಹೀರೇಕಾಯಿ ಚಪ್ಪರಕ್ಕೆ ನೀರು ಹಾಕುತ್ತಿದ್ದ ಅವರನ್ನು ಕಂಡ ಪರಸ್ಥಳದವರು ತೋಟದ ಆಳೆಂದು ತಿಳಿದು, ‘ಸ್ವಾಮಿಗಳು ಎಲ್ಲಪ್ಪಾ?’ ಎಂದು ಕೇಳುತ್ತಿದ್ದುದುಂಟು. ಅವರು ಕೈ ತೊಳೆದುಕೊಂಡು, ‘ಬಂದರು, ಕೂತ್ಕೊಳ್ಳಿ’ ಎನ್ನುತ್ತಿದ್ದರು.

ಅಂಥವರು ಪವಾಡ ಮಾಡಿದ್ದಾರೆಯೇ ಎಂದು ಈಗಿನವರು ಕೇಳುತ್ತಾರೆ. ಕುರುಡನಿಗೆ ಕಣ್ಣು ಬಂದದ್ದನ್ನು ನಾನು ಕಂಡಿಲ್ಲ. ನಾನು ಕಂಡದ್ದು ಇದು.

ನಮ್ಮೂರಿನಲ್ಲಿ ಶುಭ ಶುಕ್ರವಾರದಂದು ಪಾಡುಗಳ ನಾಟಕ ನಡೆಯುತ್ತದೆ. ಯೇಸುಸ್ವಾಮಿಯನ್ನು ಹಿಡಿದು, ವಿಚಾರಿಸಿ, ಶಿಲುಬೆಗೇರಿಸುವ ಕತೆಯನ್ನು ಊರವರೇ ವೇಷ ಕಟ್ಟಿ ಆಡುತ್ತಾರೆ. ಕೊನೆಯ ಭಾಗ ಊರಾಚೆಯ ಬಂಡೆಯ ಮೇಲೆ, ಸುಡುವ ಮಧ್ಯಾಹ್ನದಲ್ಲಿ. ಸುತ್ತಲ ಹದಿನೆಂಟು ಹಳ್ಳಿಯ ಜನ ಬರುತ್ತಾರೆ. ಒಬ್ಬನಿಗೆ ಬಂದ ಪಾತ್ರ ಅವನ ಮನೆಗೇ ಹೆಸರಾಗಿ ಅಂಟಿಕೊಳ್ಳುವುದು ನಮ್ಮೂರಿನ ಪದ್ಧತಿ. ಯೇಸುವಿಗೆ ಮರಣದಂಡನೆ ವಿಧಿಸುವ ಪಿಲಾತನ ಪಾತ್ರ ಮಾಡಿದ ಪಿಲಾತಪ್ಪನ ಮನೆ ಎಂದರೆ ಎಲ್ಲರಿಗೂ ಗೊತ್ತು. ಯೇಸುವಿನ ಶಿಷ್ಯ ಪೇತ್ರನು ‘ಅವರನ್ನು ನಾನರಿಯೆ’ ಎಂದು ಬೊಂಕುವಾಗ ಮರೆಯಲ್ಲಿ ಕೋಳಿಯಂತೆ ಕೂಗುತ್ತಿದ್ದವನ ಮೊಮ್ಮಕ್ಕಳು ಇಂದಿಗೂ ಕೋಳಿಕೂಗಿನವರೇ.

ಹೀಗಿರುವಾಗ ಯೇಸುವಿನ ಅಕ್ಕಪಕ್ಕದ ಶಿಲುಬೆಗಳಲ್ಲಿ ತೂಗುವ ಇಬ್ಬರು ಕಳ್ಳರ ಪಾತ್ರ ಯಾರಿಗೆ ಬೇಕು? ಎಡಗಡೆಯವನು ಬೈದುಕೊಂಡೇ ಸಾಯುತ್ತಾನೆ. ಅದರಲ್ಲಾದರೂ ಜನರನ್ನು ನಗಿಸಬಹುದು. ಬಲಗಡೆಯವನು ಕೊನೆಗಳಿಗೆಯಲ್ಲಿ ಯೇಸುವನ್ನು ಬೇಡಿಕೊಂಡು, ‘ಇಂದೇ ನೀನು ನನ್ನೊಡನೆ ಪರಲೋಕದಲ್ಲಿರುವೆ’ ಎಂಬ ಉತ್ತರ ಕೇಳಿ ಮೋಕ್ಷ ಪಡೆಯುತ್ತಾನೆ. ಮೋಕ್ಷ ಸಿಕ್ಕಿದರೂ ಊರಿನ ಬಾಯಲ್ಲಿ ಅವನು ಬಲಗಳ್ಳನೇ. ಬಲಗಳ್ಳನ ಮನೆಯಿಂದ ಹೆಣ್ಣು ತರುವವರು ಯಾರು? ಆದ್ದರಿಂದ ಮದುವೆಯಿಲ್ಲದ ರಾಯಪ್ಪನೆಂಬ ಮುದುಕನೇ ಅದನ್ನು ಬಹುಕಾಲ ಆಡಿಕೊಂಡು ಬಂದಿದ್ದ. ನಾನು ಹೇಳುವ ವರ್ಷ, ಕ್ರಿಸ್ಮಸ್ ಕಳೆದ ಮೇಲೆ, ಅವನು ತೀರಿಕೊಂಡ.

ಯೇಸುಸ್ವಾಮಿಯ ಪಾತ್ರ ನಮ್ಮ ತಂದೆಯವರಾದ ದೇವಸಾಯಪ್ಪನವರದು. ಹದಿನೈದು ವರ್ಷದಿಂದ ಅವರೇ. ಸ್ವಾಮಿಗೆ ಮೂವತ್ತಮೂರು ವಯಸ್ಸಾದರೆ ತಂದೆಯವರಿಗೆ ಆಗ ನಲವತ್ತನಾಲ್ಕು. ನರೆತ ಗಡ್ಡಕ್ಕೆ ದೀಪದ ಕಾಡಿಗೆ ಬಳಿದುಕೊಳ್ಳುತ್ತಿದ್ದರು. ಶಿಲುಬೆಯ ಮೇಲಿಂದ ಮಾತಾಡಿದರೆ ಕೆಳಗಿನ ಕೆರೆಯ ಏರಿಯವರೆಗೆ ಕೇಳಿಸುವ ಕಂಠ. ಊರು ಅವರನ್ನು ತಲೆಯ ಮೇಲೆ ಹೊತ್ತಿತ್ತು, ಅದು ಅವರಿಗೂ ಗೊತ್ತಿತ್ತು.

ಈಗ ಇನ್ನಾಸಿಯ ವಿಷಯ. ಅವನು ನಮ್ಮ ಮನೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಬರುತ್ತಿದ್ದ ಆಳು, ನಮ್ಮ ಚರ್ಚಿನಲ್ಲೇ ದೀಕ್ಷೆ ಪಡೆದವನು. ರಾಯಪ್ಪ ತೀರಿಕೊಂಡ ವರ್ಷಕ್ಕೆ ಮೂರು ವರ್ಷ ಹಿಂದೆ ನನ್ನ ಅಕ್ಕ ಸಂಪೂರ್ಣಳ ಮದುವೆ ಗೊತ್ತಾಗಿತ್ತು. ಆ ಸಲದ ರೇಷ್ಮೆಗೂಡಿನ ಮೇಲೆಯೇ ಮದುವೆಯ ಭಾರವೆಲ್ಲ ನಿಂತಿತ್ತು. ಹುಳು ಚೆನ್ನಾಗಿ ಬಂದು, ಎಂಟು ಚಂದ್ರಿಕೆಗಳ, ಅಂದರೆ ಬಿದಿರಿನ ದೊಡ್ಡ ತಟ್ಟೆಗಳ, ತುಂಬ ಗೂಡು ಕಟ್ಟಿತ್ತು. ಬಿಡಿಸಿ, ಚೀಲ ತುಂಬಿ, ಮಾರನೆಯ ದಿನ ಮಾರುಕಟ್ಟೆಗೆ ಹೊರಡಬೇಕೆನ್ನುವಾಗ ಇನ್ನಾಸಿ ಅದನ್ನೆಲ್ಲ ಹೊತ್ತುಕೊಂಡು ಹೋದ. ಹೆಂಡಕ್ಕಾಗಿ ಕದ್ದ, ಬೇರೆ ಕಾರಣವಿರಲಿಲ್ಲ. ಗಂಡಿನ ಕಡೆಯವರು, ಗೂಡು ಕಾಯಲಾಗದವರು ಮಗಳನ್ನೇನು ಕಾದಿದ್ದಾರು ಎಂದು ಒಂದು ಮಾತು ಬಿಸಾಡಿ ಸಂಬಂಧ ಮುರಿದುಕೊಂಡರು. ಇನ್ನಾಸಿ ಜೈಲಿಗೆ ಹೋದ.

ಶಿಕ್ಷೆ ಮುಗಿಸಿ ಬಂದ ದಿನ ಅವನು ನೆಟ್ಟಗೆ ನಮ್ಮ ಮನೆಯ ಮುಂದೆ ಬಂದು ನಿಂತ. ಬೆಳಗಿನಿಂದ ಆಡುಗಳು ಮೇಯ್ದು ಮನೆಗೆ ಬರುವ ಹೊತ್ತಿನವರೆಗೂ ನಿಂತಿದ್ದ. ತಂದೆಯವರು ಹೊಲಕ್ಕೆ ಹಿತ್ತಿಲ ಬಾಗಿಲಿನಿಂದ ಹೋದರು, ಹಿತ್ತಿಲ ಬಾಗಿಲಿನಿಂದಲೇ ಬಂದರು. ಆಮೇಲೆ ಅವನು ಭಾನುವಾರಗಳಂದು ಚರ್ಚಿನ ಹೊರಗೆ ಹುಣಸೆಮರದ ಕೆಳಗೆ ನಿಂತು ಪೂಜೆ ಕೇಳತೊಡಗಿದ. ಗುರುಗಳು ಪೂಜೆ ಮುಗಿಸಿ ಅಲ್ಲಿಗೇ ಹೋಗಿ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಅಲ್ಲಿಯೇ ಅವನ ಪಾಪನಿವೇದನೆ ಕೇಳಿ, ದೇವರ ಹೆಸರಿನಲ್ಲಿ ಕ್ಷಮೆ ಕೊಟ್ಟರಂತೆ. ಆದರೂ ಅವನು ಒಳಗೆ ಬರಲಿಲ್ಲ. ದೇವಸಾಯಣ್ಣ ಕೂತಿರುವ ಕಡೆ ತಾನು ಹೇಗೆ ಕೂರುವುದು ಎಂದು ಕೇಳಿದನಂತೆ.

ನಲವತ್ತು ದಿನದ ಉಪವಾಸ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡ ಮೇಲೆ ಆ ವರ್ಷದ ಪಾತ್ರಗಳನ್ನು ಓದಿ ಹೇಳುವುದು ವಾಡಿಕೆ. ಗುರುಗಳು ಓದುತ್ತ ಬಂದು, ‘ಬಲಗಡೆಯ ಕಳ್ಳ, ಇನ್ನಾಸಿ’ ಎಂದರು. ಹಿಂದಿನಿಂದ ಯಾರೋ, ‘ಇವನಿಗೆ ವೇಷವೇ ಬೇಡ ಬಿಡಿ’ ಎಂದರು. ಜನ ನಕ್ಕರು. ನಮ್ಮ ತಂದೆಯವರು ಎದ್ದು ಹೊರಗೆ ಹೋದರು.

ಸಂಜೆ ಅವರು ಗುರುಗಳ ಕೋಣೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ನನಗಾಗ ಹದಿನಾರು. ಗುರುಗಳು ಉಳಿದ ಬೂದಿಯನ್ನು ಹೀರೇಬಳ್ಳಿಯ ಬುಡಕ್ಕೆ ಹಾಕುತ್ತಿದ್ದರು.

‘ಸ್ವಾಮೇರೇ, ಅವ್ನು ಬಲಗಡೆ ನಿಂತ್ರೆ ನಾನು ನಡುವೆ ನಿಲ್ಲಾಕಿಲ್ಲ’ ಎಂದರು ತಂದೆಯವರು.

ಗುರುಗಳು ಬೂದಿ ಹಾಕುತ್ತಲೇ ಇದ್ದರು. ತಂದೆಯವರು ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಹೊರಗಿಟ್ಟರು. ಹುಟ್ಟಿದ ಎಂಟನೆಯ ದಿನ ದೀಕ್ಷಾಸ್ನಾನವಾಗಿದೆ. ಜ್ವರ ಬಂದರೂ ಭಾನುವಾರದ ಪೂಜೆ ತಪ್ಪಿಲ್ಲ. ನಲವತ್ತು ದಿನ ಉಪವಾಸ, ವರ್ಷ ವರ್ಷ ಮಾತೆಯ ಕ್ಷೇತ್ರಕ್ಕೆ ಬರಿಗಾಲ ನಡಿಗೆ, ಪ್ರತಿ ಬೆಳೆಯ ಮೊದಲ ಗೂಡು ದೇವರಿಗೆ. ಮೋಕ್ಷಕ್ಕೆ ಏನೇನು ಬೇಕೆಂದು ಚಿಕ್ಕಂದಿನಿಂದ ಚರ್ಚಿನಲ್ಲಿ ಕಲಿಸಿದ್ದರೋ ಅದನ್ನೆಲ್ಲ ತಾನು ಮಾಡಿದ್ದೇನೆ. ಕುಡಿದು, ಕದ್ದು, ಒಂದು ಹೆಣ್ಣಿನ ಬಾಳು ಕೆಡಿಸಿದವನಿಗೆ ಒಂದು ಮಾತಿಗೆ ಅದೇ ಮೋಕ್ಷ ಎಂದರೆ ತಾನು ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ಅದು ಬರಿಯ ಜಂಬದ ದನಿಯಾಗಿರಲಿಲ್ಲ. ಅಕ್ಕ ಮೂರು ವರ್ಷದಿಂದ ಮನೆಯಲ್ಲಿ ಕೂತಿದ್ದಳು.

ಗುರುಗಳು ಕೈಯ ಬೂದಿ ಒರೆಸಿಕೊಂಡರು.

‘ಅದೆಲ್ಲ ಬೇಕು, ದೇವಸಾಯಿ. ಬೇಡ ಅಂತ ನಾನು ಹೇಳಲ್ಲ. ಆದರೆ ಆ ಕಳ್ಳನಿಗೆ ಏನಾದರೂ ಮಾಡೋಣ ಅಂದರೆ ಕೈ ಇರಲಿಲ್ಲ, ಕಟ್ಟಿಹಾಕಿದ್ದರು. ಬಾಯಿ ಒಂದಿತ್ತು. ಕೇಳಿದ. ಸ್ವಾಮಿ ಕೊಟ್ಟರು.’

ತಂದೆಯವರು ಹೊರಡಲು ತಿರುಗಿದರು.

‘ಅವನಿಗೆ ಕೊಟ್ಟ ಉತ್ತರ ಹದಿನೈದು ವರ್ಷದಿಂದ ನಿನ್ನ ಬಾಯಲ್ಲೇ ಇದೆ. ಈ ಸಲ ಹೇಳುವಾಗ ನೀನೂ ಒಂದು ಸಾರಿ ಕೇಳಿಸ್ಕೊ’ ಎಂದರು ಗುರುಗಳು. ಮತ್ತೆ ಬಳ್ಳಿಯ ಕಡೆ ತಿರುಗಿದರು.

ಪಾತ್ರವನ್ನು ಬಿಡಲು ತಂದೆಯವರಿಗೆ ಮನಸ್ಸಾಗಲಿಲ್ಲ. ಮನಸ್ಸು ತಿರುಗಲೂ ಇಲ್ಲ. ತಪಸ್ಸಿನ ಕಾಲದ ಆರು ವಾರವೂ ಅಭ್ಯಾಸಕ್ಕೆ ಹೋದರು. ಇನ್ನಾಸಿ ಬೇಡಿಕೊಳ್ಳುವ ಭಾಗ ಬಂದಾಗ, ‘ಅದು ನಂಗೆ ಬತ್ತದೆ, ಮುಂದಕ್ಕೆ ನಡೀರಿ’ ಎಂದು ದಾಟಿಸಿಬಿಡುತ್ತಿದ್ದರು. ಪುಸ್ತಕ ಹಿಡಿದು ಮಾತು ಹೇಳಿಕೊಡುತ್ತಿದ್ದ ಉಪದೇಶಿ ಬಲವೇಂದ್ರಪ್ಪ ಒತ್ತಾಯ ಮಾಡಲಿಲ್ಲ. ಹೀಗೆ ಆ ಒಂದು ಉತ್ತರ ಮಾತ್ರ ಅಭ್ಯಾಸದಲ್ಲಿ ಒಂದು ಸಲವೂ ಹೊರಬೀಳಲಿಲ್ಲ. ಮನೆಯಲ್ಲಿ ಅಕ್ಕ ಒಂದು ದಿನ ಅವರ ತಟ್ಟೆಗೆ ಮುದ್ದೆ ಇಡುತ್ತ ಮೆಲ್ಲಗೆ, ‘ಅಪ್ಪಾ, ನಾನು ಅತ್ತು ಮುಗಿಸಿ ಎಷ್ಟೋ ದಿನ ಆಯ್ತು. ನೀನ್ಯಾಕೆ ಇನ್ನೂ ಇಟ್ಕೊಂಡಿದ್ದೀಯ?’ ಎಂದಳು. ತಂದೆಯವರು ಮುದ್ದೆ ಮುರಿಯದೆ ಕೈ ತೊಳೆದರು.

ಶುಭ ಶುಕ್ರವಾರ ಬಂತು. ಬಂಡೆಯ ಮೇಲೆ ಕಾಲಿಟ್ಟರೆ ಸುಡುವಂಥ ಬಿಸಿಲು. ಮೂರು ಶಿಲುಬೆ ಎದ್ದು ನಿಂತವು. ಮೂವರ ತೋಳುಗಳನ್ನೂ ಅಡ್ಡಮರಕ್ಕೆ ಹಗ್ಗದಿಂದ ಬಿಗಿದಿದ್ದರು. ಅಕ್ಕ ಯೆರುಸಲೇಮಿನ ಹೆಂಗಸರಾಗಿ ವೇಷ ಕಟ್ಟಿದವರ ಗುಂಪಿನಲ್ಲಿ ಬಿಳಿ ಸೆರಗು ಹೊದ್ದು ನಿಂತಿದ್ದಳು. ಎಡಗಡೆಯ ಕಳ್ಳ ತನ್ನ ಬೈಗುಳದಲ್ಲಿ ಊರಿನ ಶಾನುಭೋಗರನ್ನೂ ಸೇರಿಸಿ ಜನರನ್ನು ನಗಿಸಿದ. ಆಮೇಲೆ ಇನ್ನಾಸಿಯ ಸರದಿ.

ಪುಸ್ತಕದಲ್ಲಿದ್ದದ್ದು, ‘ಪ್ರಭುವೇ, ನಿಮ್ಮ ರಾಜ್ಯವನ್ನು ಸೇರಿದಾಗ ಈ ಪಾಪಿಯನ್ನು ನೆನೆಯಿರಿ’ ಎಂಬ ಮಾತು. ಇನ್ನಾಸಿ ಅದನ್ನು ಆರು ವಾರ ತಪ್ಪಿಲ್ಲದೆ ಒಪ್ಪಿಸಿದ್ದ. ಈಗ ಅವನು ತಂದೆಯವರ ಕಡೆ ಮುಖ ತಿರುಗಿಸಿ, ‘ದೇವಸಾಯಣ್ಣ, ನನ್ನನ್ನ ನೆನ್ಪಲ್ಲಿಟ್ಕೊ’ ಎಂದ.

ಜನ ಗೊಳ್ಳೆಂದು ನಕ್ಕರು. ಯೇಸುಸ್ವಾಮಿಯನ್ನು ದೇವಸಾಯಣ್ಣ ಎಂದವನನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆದರೆ ಇನ್ನಾಸಿ ನಗಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ತಾನು ತಪ್ಪು ಹೇಳಿದ್ದೇ ಅವನಿಗೆ ತಿಳಿದಿರಲಿಲ್ಲ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ನೋಡುತ್ತ ನೋಡುತ್ತ ನಗು ನಿಂತಿತು. ನಮ್ಮ ಮನೆಯ ಮುಂದೆ ಅವನು ಇಡೀ ದಿನ ನಿಂತದ್ದನ್ನು ಊರೆಲ್ಲ ಕಂಡಿತ್ತು.

ತಂದೆಯವರು ಉತ್ತರ ಕೊಡಲಿಲ್ಲ.

ಬಲವೇಂದ್ರಪ್ಪ ಶಿಲುಬೆಯ ಬುಡಕ್ಕೆ ಬಂದು, ‘ನಿಜವಾಗಿ ನಿನಗೆ ಹೇಳುತ್ತೇನೆ’ ಎಂದು ಮೊದಲ ಪದಗಳನ್ನು ಪಿಸುಗುಟ್ಟಿದ. ಮತ್ತೊಮ್ಮೆ, ಇನ್ನೂ ಸ್ವಲ್ಪ ಜೋರಾಗಿ ಹೇಳಿದ. ಆಗ ಗುರುಗಳು ಜನರ ನಡುವಿನಿಂದ ಎದ್ದು ಹೋಗಿ ಅವನ ಪುಸ್ತಕವನ್ನು ಮುಚ್ಚಿದರು.

‘ದೇವಸಾಯಿ ಮರೆತಿಲ್ಲ. ಕಾಯೋಣ’ ಎಂದರು. ಆ ಸುಡುವ ಬಂಡೆಯ ಮೇಲೆ ಮೊಣಕಾಲೂರಿದರು.

ಊರು ಕಾಯಿತು. ಎಷ್ಟು ಹೊತ್ತೆಂದು ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ರೋಮಿನ ಸಿಪಾಯಿಗಳು ಕಾದ ತಗಡಿನ ಟೋಪಿಗಳನ್ನು ತೆಗೆದು ಕೆಳಗಿಟ್ಟದ್ದು ನನಗೆ ನೆನಪಿದೆ. ಮಗುವೊಂದು ಅತ್ತು ತಾನಾಗಿ ಸುಮ್ಮನಾಯಿತು. ತಂದೆಯವರ ಗಡ್ಡಕ್ಕೆ ಬಳಿದ ಕಾಡಿಗೆ ಬೆವರಿನಲ್ಲಿ ಕರಗಿ ಎದೆಯ ಮೇಲೆ ಕರಿಯ ಗೆರೆಗಳಾಗಿ ಇಳಿಯಿತು, ಅದರಡಿಯ ನರೆಗೂದಲು ಕಂಡಿತು. ಹದಿನೈದು ವರ್ಷ ನಮಗೆ ಸ್ವಾಮಿಯಾಗಿ ಕಂಡವರು ನಮ್ಮ ಕಣ್ಣೆದುರಿಗೇ, ಕೈ ಕಟ್ಟಿಸಿಕೊಂಡ ಒಬ್ಬ ವಯಸ್ಸಾದ ಒಕ್ಕಲಿನವರಾದರು. ಅವರು ಬಲಕ್ಕೆ ನೋಡಿದರು. ಅಲ್ಲಿ ಇನ್ನೊಬ್ಬನೂ ಹಾಗೆಯೇ ಕೈ ಕಟ್ಟಿಸಿಕೊಂಡಿದ್ದ. ಆಮೇಲೆ ಕೆಳಗೆ, ಹೆಂಗಸರ ಗುಂಪಿನಲ್ಲಿದ್ದ ಅಕ್ಕನನ್ನು ನೋಡಿದರು. ಅವಳು ತಲೆಯಾಡಿಸಿದಳು.

ಅವರು ಬಾಯಿ ತೆರೆದಾಗ ಬಂದದ್ದು ಕೆರೆಯೇರಿಗೆ ಮುಟ್ಟುವ ಆ ಕಂಠವಲ್ಲ. ಮನೆಯಲ್ಲಿ ಪಕ್ಕದವರೊಡನೆ ಆಡುವ ದನಿ. ಮುಂದೆ ನಿಂತ ನಮಗಷ್ಟೇ ಕೇಳಿಸಿತು.

‘ಇವತ್ತೇ ಕಣೋ, ಇನ್ನಾಸಿ. ಇಬ್ರೂ ಒಟ್ಟಿಗೇ ಹೋಗವ.’

ಪುಸ್ತಕದ ಮಾತು ಅದಲ್ಲ. ಆದರೆ ಅದನ್ನು ತಿದ್ದಲು ಯಾರೂ ಹೋಗಲಿಲ್ಲ. ಹಿಂದಿದ್ದವರು ಏನೆಂದರು ಏನೆಂದರು ಎಂದು ಕೇಳಿದರು, ಮುಂದಿದ್ದವರು ಹೇಳಿದರು. ಆ ಮಾತು ಬಾಯಿಂದ ಬಾಯಿಗೆ ಬಂಡೆಯನ್ನಿಳಿದು ಕೆರೆಯ ಏರಿಯನ್ನು ಮುಟ್ಟಿತು.

ಮೂರು ಗಂಟೆಗೆ ಗುರುಗಳು ಬಂಡೆಯ ಮೇಲೆ ನಿಂತು ಮುಕ್ಕಾಲು ಗಂಟೆ ಬೋಧನೆ ಮಾಡುವುದು ರೂಢಿ. ಆ ವರ್ಷ ಅವರು ಎದ್ದು ನಿಂತು ಜನರನ್ನೊಮ್ಮೆ ನೋಡಿ, ‘ಇವತ್ತಿನ ಬೋಧನೆ ಆಯಿತು. ಮನೆಗೆ ಹೋಗಿ’ ಎಂದಷ್ಟೇ ಹೇಳಿದರು. ಅವರು ಇಳಿದು ಬರುವಾಗ ಮೊಣಕಾಲಿನ ಮೇಲೆ ನಿಲುವಂಗಿಗೆ ರಕ್ತ ಹತ್ತಿತ್ತು.

ಎರಡು ದಿನ ಕಳೆದು, ಯೇಸು ಎದ್ದುಬಂದ ಪಾಸ್ಕ ಹಬ್ಬದ ಭಾನುವಾರ ಬೆಳಿಗ್ಗೆ ಇನ್ನಾಸಿ ಹುಣಸೆಮರದ ಕೆಳಗೆ ನಿಂತಿದ್ದ. ತಂದೆಯವರು ಚರ್ಚಿನ ಮೆಟ್ಟಿಲು ಹತ್ತಿದವರು ಮತ್ತೆ ಇಳಿದು ಹೋಗಿ ಅವನ ಪಕ್ಕ ನಿಂತರು. ಏನು ಮಾತಾಡಿದರೋ ತಿಳಿಯದು. ಇಬ್ಬರೂ ಒಟ್ಟಿಗೆ ಒಳಗೆ ಬಂದರು, ಒಂದೇ ಚಾಪೆಯ ಮೇಲೆ ಕೂತರು. ಆಮೇಲೆ ಇನ್ನಾಸಪ್ಪನವರು ಸಾಯುವತನಕ ಕುಡಿಯಲಿಲ್ಲ. ನಮ್ಮ ಹುಳುಮನೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು.

ಮರುವರ್ಷದ ವಿಭೂತಿ ಬುಧವಾರಕ್ಕೆ ಮೊದಲು ತಂದೆಯವರು ಗುರುಗಳ ಬಳಿಗೆ ಹೋಗಿ, ಯೇಸುವಿನ ಪಾತ್ರವನ್ನು ಯಾರಾದರೂ ಹರೆಯದವರಿಗೆ ಕೊಡಿ, ತನಗೆ ಬಲಗಡೆಯ ಕಳ್ಳನದು ಬೇಕು ಎಂದರು. ಮದುವೆಗಿರುವ ಹೆಣ್ಣುಮಕ್ಕಳಿದ್ದಾರಲ್ಲ ಎಂದು ಗುರುಗಳು ನೆನಪಿಸಿದರಂತೆ.

‘ಇರ್ಲಿ ಸ್ವಾಮೇರೇ. ನಾನು ಒಳಕ್ಕೆ ಹೋಗಾದೂ ಆ ಕಳ್ಳ ಹೋದ ಬಾಗ್ಲಲ್ಲೇ’ ಎಂದರಂತೆ ತಂದೆಯವರು.

ಅವರು ಆ ಪಾತ್ರವನ್ನು ಹನ್ನೆರಡು ವರ್ಷ ಆಡಿದರು. ಬಲಗಳ್ಳರ ಮನೆಯೆಂದು ತಿಳಿದೇ ಬಂದ ಒಳ್ಳೆಯವರ ಮನೆಗೆ ಅಕ್ಕ ಸೊಸೆಯಾಗಿ ಹೋದಳು. ನಾನು ಮದುವೆಯಾಗಿ, ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಹೊರಟ ಯಜಮಾನರೊಡನೆ ಈ ದೂರದ ಭಿಲಾಯಿಗೆ ಬಂದೆ. ಗುರುಗಳು ಮಣ್ಣಾದರು, ತಂದೆಯವರೂ ಮಣ್ಣಾದರು. ಬೋಳುಬಂಡೆಯಲ್ಲಿ ಈಗಲೂ ಕಳ್ಳನು ಬೇಡಿಕೊಂಡ ಮೇಲೆ ಯೇಸುವಿನ ಪಾತ್ರದವನು ಕೂಡಲೇ ಉತ್ತರ ಕೊಡುವುದಿಲ್ಲ. ಸಿಪಾಯಿಗಳು ಟೋಪಿ ತೆಗೆಯುತ್ತಾರೆ, ಊರೆಲ್ಲ ಬಂಡೆಯ ಮೇಲೆ ಮೊಣಕಾಲೂರುತ್ತದೆ. ಪುಸ್ತಕದಲ್ಲಿ ಹಾಗೆ ಬರೆದಿಲ್ಲ.

ಇಲ್ಲಿ ಶುಭ ಶುಕ್ರವಾರದಂದು ಹಿಂದಿಯಲ್ಲಿ ಪಾಡುಗಳನ್ನು ಓದುವವರು ಕಳ್ಳನ ಬೇಡಿಕೆಗೂ ಯೇಸುವಿನ ಉತ್ತರಕ್ಕೂ ನಡುವೆ ನಿಲ್ಲದೆ ಓದಿಕೊಂಡು ಹೋಗುತ್ತಾರೆ. ನಾನು ಮಾತ್ರ ಅಲ್ಲೇ ನಿಂತಿರುತ್ತೇನೆ. ನಮ್ಮ ಸೀಮೆಯವರು ಯಾರಾದರೂ ಸಿಕ್ಕಿ, ‘ಬೋಳುಬಂಡೆಯಲ್ಲಿ ನೀವು ಯಾರ ಮನೆಯವರಮ್ಮ?’ ಎಂದು ಕೇಳಿದರೆ, ಯೇಸುಸ್ವಾಮಿಯ ಪಾತ್ರ ಹದಿನೈದು ವರ್ಷ ನಮ್ಮಲ್ಲಿತ್ತೆಂದು ನಾನು ಹೇಳುವುದಿಲ್ಲ. ತಲೆಯೆತ್ತಿ, ಬಲಗಳ್ಳರ ಮನೆಯವಳು ಎಂದು ಹೇಳುತ್ತೇನೆ.