ಕೊಕ್ಕಿನಗಲದ ಕಿಂಡಿ

ಕಾಡಿನ ನಡುವೆ ಒಂದು ತಾರೆ ಮರ. ಮರದ ನೆತ್ತಿಯ ಹತ್ತಿರ ಒಂದು ಪೊಟರೆ. ಪೊಟರೆಯೊಳಗೆ ಒಂದು ಮಂಗಟ್ಟೆ ಹಕ್ಕಿಯ ಸಂಸಾರ. ಗಂಡನ ಹೆಸರು ಕೊಂಕಪ್ಪ, ಹೆಂಡತಿಯ ಹೆಸರು ಸಾಕವ್ವ.

ಮಂಗಟ್ಟೆ ನೋಡಿಲ್ಲದವರು ಕೇಳಿ. ಬಾಳೆಕಾಯಿಯಷ್ಟು ದೊಡ್ಡ ಕೊಕ್ಕು. ಯಾರೋ ಇನ್ನೊಂದು ಚಿಕ್ಕ ಕೊಕ್ಕನ್ನು ಮರೆತು ಬಿಟ್ಟುಹೋದ ಹಾಗೆ ಅದರ ಮೇಲೊಂದು ಗುಬುಟು. ಹಾರಿದರೆ ಲಾರಿ ದಿಣ್ಣೆ ಹತ್ತಿದ ಸದ್ದು.

ಈ ಹಕ್ಕಿಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆ ಇಡುವ ಕಾಲ ಬಂದಾಗ ಹೆಂಡತಿ ಪೊಟರೆಯೊಳಗೆ ಹೋಗಿ ಕೂರುತ್ತಾಳೆ. ಆಮೇಲೆ ಬಾಗಿಲಿಗೆ ಗಾರೆ ಮೆತ್ತುತ್ತಾರೆ. ಒಂದು ಕೊಕ್ಕು ತೂರುವಷ್ಟು ಕಿಂಡಿ ಮಾತ್ರ ಉಳಿಯುತ್ತದೆ. ಒಳಗಿರುವವಳು ರೆಕ್ಕೆಯ ಗರಿಗಳನ್ನೆಲ್ಲ ಉದುರಿಸಿ ಮೊಟ್ಟೆಗೆ ಹಾಸುತ್ತಾಳೆ. ಹೊಸ ಗರಿ ಬರುವವರೆಗೆ ಹಾರುವ ಹಾಗಿಲ್ಲ. ಗಂಡ ಗಂಟಲಲ್ಲಿ ಹಣ್ಣು ತುಂಬಿ ತಂದು ಕಿಂಡಿಯಲ್ಲಿ ಕೊಟ್ಟರೆ ಊಟ, ಕೊಡದಿದ್ದರೆ ಇಲ್ಲ.

ಆ ಗಾರೆ ಯಾವುದರದ್ದು ಗೊತ್ತಾ? ತಿಂದ ಹಣ್ಣಿನ ತಿರುಳು, ಜೊತೆಗೆ ಅವಳದೇ ಹಿಕ್ಕೆ. ಮೂಗು ಮುಚ್ಚಿಕೊಳ್ಳಬೇಡಿ, ಒಣಗಿದರೆ ಅದು ಕಲ್ಲು. ಆದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಹೊಟ್ಟೆಗೆ ಬಿದ್ದರೆ ಮಾತ್ರ ಗಾರೆ.

ಸಾಕವ್ವನಿಗೆ ಆ ಮನೆ ತುಂಬ ಹಿಡಿಸಿತ್ತು. "ಕೊಕ್ಕು ಚಾಚಿದರೆ ಅಡುಗೆಮನೆ, ಬಾಲ ಒರಗಿಸಿದರೆ ಮಲಗೋ ಕೋಣೆ. ಗುಡಿಸೋ ಕೆಲಸವೂ ಕಡಿಮೆ," ಅನ್ನುತ್ತಿದ್ದಳು. ಇಟ್ಟ ಎರಡು ಮೊಟ್ಟೆಯಲ್ಲಿ ಒಂದು ಒಡೆದು ಕೂಸು ಬಂತು. ಮೈಮೇಲೆ ಒಂದು ಎಳೆ ಪುಕ್ಕವಿಲ್ಲ, ಬಾಯಿ ಮಾತ್ರ ಯಾವಾಗಲೂ ತೆರೆದೇ ಇರುತ್ತಿತ್ತು.

ಒಂದು ಬೆಳಿಗ್ಗೆ ಕೊಂಕಪ್ಪ ಹಣ್ಣಿಗೆ ಹೋಗಿದ್ದಾಗ ಒಂದು ದೊಡ್ಡ ಉಡ ಮರ ಹತ್ತಿ ಬಂತು. ಕಿಂಡಿಗೆ ಮೂತಿ ಇಟ್ಟು ನೋಡಿತು. ಮೂತಿಯ ತುದಿ ಹೋಯಿತು, ತಲೆ ಹೋಗಲಿಲ್ಲ.

"ಕಿಂಡಿ ಸ್ವಲ್ಪ ಚಿಕ್ಕದಾಯ್ತಲ್ಲಕ್ಕ," ಅಂತು ಉಡ.

"ನಿನ್ನ ಅಳತೆ ನೋಡೇ ಕಟ್ಟಿದ್ದು," ಅಂದಳು ಸಾಕವ್ವ. ಮೂತಿಯ ಮೇಲೆ ಕೊಕ್ಕಿನಿಂದ ಒಂದು ಬಿಟ್ಟಳು. ಉಡ ಮೂತಿ ಒರೆಸಿಕೊಂಡು ಇಳಿದುಹೋಯಿತು. ಅದಕ್ಕೇನೂ ಅವಸರವಿರಲಿಲ್ಲ.

ಅದೇ ಹೊತ್ತಿಗೆ ಅತ್ತ ಬಸರಿ ಮರದಲ್ಲಿ ಹಕ್ಕಿಗಳೆಲ್ಲ ಹಣ್ಣು ತಿನ್ನುತ್ತ ಹರಟೆ ಹೊಡೆಯುತ್ತಿದ್ದವು. ಅಲ್ಲಿ ಒಂದು ಕಾಜಾಣ ಇತ್ತು. ಯಾರ ದನಿ ಬೇಕಾದರೂ ಅಣಕಿಸುವುದು, ಯಾರ ಕಾಲು ಬೇಕಾದರೂ ಎಳೆಯುವುದು, ಅದಕ್ಕೆ ಇದೇ ಕಸುಬು.

"ಏನು ಕೊಂಕಣ್ಣ, ಅತ್ತಿಗೇನ ಜಾಡಿಯಲ್ಲಿ ಹಾಕಿ ಬಾಯಿ ಕಟ್ಟಿದ್ದೀಯಂತೆ? ಉಪ್ಪಿನಕಾಯಿ ಯಾವಾಗ ಆಗುತ್ತೆ?"

ಎಲ್ಲರೂ ನಕ್ಕರು. ಕುಟ್ರುಹಕ್ಕಿ ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿತು. ಮರುಕ ತೋರಿಸಿತು.

"ನಮ್ಮದೂ ಪೊಟರೇನೇ ಕೊಂಕಣ್ಣ. ಆದರೆ ನಮ್ಮನೆಯವಳಿಗೆ ದುಂಡಗೆ ಒಂದು ಬಾಗಿಲು ಮಾಡಿಕೊಟ್ಟಿದ್ದೀನಿ. ಬಂದವರು ಇಣುಕಿ ನೋಡಿ, ಚೆನ್ನಾಗಿದೆ ಅಂತಾರೆ. ನಿಮ್ಮನೇಲಿ ಇಣುಕೋಕೆ ಏನಿದೆ ಪಾಪ."

ಕೊಂಕಪ್ಪ ಹಣ್ಣನ್ನೇ ಕೀಳಲಿಲ್ಲ. ನೇರ ಹೊಳೆದಂಡೆಗೆ ಹಾರಿ, ನವಿಲು ಬಿಟ್ಟುಹೋಗಿದ್ದ ಒಂದು ಗರಿ ಕಚ್ಚಿಕೊಂಡು ಮನೆಗೆ ಬಂದ. ಗರಿಯ ಕಣ್ಣು ಕಿಂಡಿಯಲ್ಲಿ ತೂರಲಿಲ್ಲ. ಠಕ್ ಠಕ್ ಅಂತ ಕಿಂಡಿಯ ಅಂಚಿನ ಗಾರೆ ಒಡೆದ.

"ರೀ, ಏನು ಮಾಡ್ತಿದೀರಿ? ಹಣ್ಣೆಲ್ಲಿ?"

"ಹಣ್ಣು ಆಮೇಲೆ. ಮೊದಲು ಇದನ್ನ ಗೋಡೆಗೆ ಸಿಕ್ಕಿಸು."

"ಇದನ್ನ ಕೂಸು ತಿನ್ನುತ್ತಾ?"

"ನಿನಗೆ ತಿನ್ನೋದು ಬಿಟ್ಟು ಬೇರೆ ಗೊತ್ತಿಲ್ಲ. ಚಿಕ್ಕ ಮನೇನ ಚೆನ್ನಾಗಿ ಜೋಡಿಸಿದರೆ ದೊಡ್ಡದಾಗಿ ಕಾಣುತ್ತೆ."

"ಯಾರಿಗೆ ಕಾಣಬೇಕು? ಇಲ್ಲಿರೋಳು ನಾನು. ಕಿಂಡಿ ಒಡೀಬೇಡ್ರಿ, ಇವತ್ತು ಉಡ ಬಂದಿತ್ತು."

"ಬಂದರೆ ಬರಲಿ. ನಾನಿಲ್ವಾ?"

ಉಡ ಬಂದಾಗ ನೀವೆಲ್ಲಿದ್ರಿ ಅಂತ ಸಾಕವ್ವ ಕೇಳುವಷ್ಟರಲ್ಲಿ ಅವನು ಹಾರಿಯೂ ಆಗಿತ್ತು.

ಹೊಟ್ಟೆಯಲ್ಲಿ ನಿನ್ನೆಯ ಹಣ್ಣು ಇನ್ನೂ ಸ್ವಲ್ಪ ಇತ್ತು. ಆ ರಾತ್ರಿಯೇ ಸಾಕವ್ವ ಒಡೆದ ಅಂಚಿಗೆ ಗಾರೆ ಮೆತ್ತಿ ಕಿಂಡಿಯನ್ನು ಮತ್ತೆ ಒಂದು ಕೊಕ್ಕಿನಗಲ ಮಾಡಿದಳು.

ಮಾರನೆಯ ದಿನ ಕೊಂಕಪ್ಪ ಪರದೆಗೆಂದು ಹಾವಿನ ಪೊರೆ ತಂದ. ಕಿಂಡಿ ಮತ್ತೆ ಒಡೆದ. ಅದರ ಮಾರನೆಯ ದಿನ ಹಾಸಿಗೆಗೆಂದು ಬೂರುಗದ ಅರಳೆ ತಂದ. ಇನ್ನಷ್ಟು ಒಡೆದ. ಹೋದ ಸಲವೆಲ್ಲ ಕೊಕ್ಕಿನಲ್ಲಿ ಒಂದೊಂದು ಸಾಮಾನು. ಹಣ್ಣು ಮಾತ್ರ ಸಂಜೆ ನೆನಪಾದರೆ ಒಂದೆರಡು.

ಆ ಒಂದೆರಡನ್ನೂ ಸಾಕವ್ವ ಕೂಸಿನ ಬಾಯಿಗೇ ಹಾಕುತ್ತಿದ್ದಳು. ಅವಳ ಹೊಟ್ಟೆಗೆ ಏನೂ ಇಲ್ಲ. ಹೊಟ್ಟೆಗೆ ಇಲ್ಲದಿದ್ದರೆ ಗಾರೆ ಎಲ್ಲಿಂದ ಬರಬೇಕು? ಕಿಂಡಿ ಎರಡು ಕೊಕ್ಕಿನಗಲ ಆಯಿತು. ಮೂರು ಕೊಕ್ಕಿನಗಲ ಆಯಿತು. ಒಳಗೆ ಅರಳೆ, ಪೊರೆ, ಗರಿ ತುಂಬಿಕೊಂಡು ಸಾಕವ್ವನಿಗೆ ತಿರುಗಿ ಕೂರುವುದಕ್ಕೂ ಆಗಲಿಲ್ಲ. ಅರಳೆ ಕೂಸಿನ ಮೂಗಿಗೆ ಹೋಗಿ ಅದು ಸೀನುತ್ತಿತ್ತು.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಗಂಟಲು ಹಣ್ಣು ತಂದುಕೊಡಿ. ನನಗೋಸ್ಕರ ಅಲ್ಲ. ಗೋಡೆಗೆ."

"ಇನ್ನೊಂದೇ ಒಂದು ಸಾಮಾನು ಬಾಕಿ ಇದೆ ಕಣೆ. ಹೊಳೆಯ ಹತ್ತಿರ ಊಟಕ್ಕೆ ಬಂದ ಜನ ಹೊಳೆಯೋ ತಗಡಿನ ಮುಚ್ಚಳ ಬಿಟ್ಟುಹೋಗಿದಾರೆ. ಅದನ್ನ ಎದುರುಗೋಡೆಗೆ ನಿಲ್ಲಿಸಿದರೆ ಮನೆ ಎರಡು ಪಟ್ಟು ಕಾಣುತ್ತೆ. ನಾಳೆ ಎಲ್ಲರನ್ನೂ ಕರೀತೀನಿ. ಕುಟ್ರು ಕಣ್ಣು ಬಿಟ್ಟು ನೋಡಬೇಕು."

"ಗೋಡೆ ಮೊದಲು ಕಣ್ರೀ."

"ನಾಡಿದ್ದಿಂದ ಬರೀ ಹಣ್ಣೇ. ಮಾತು ಕೊಡ್ತೀನಿ, ಸರಿನಾ?"

ಮಾರನೆಯ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಮುಚ್ಚಳ ಒಳಗೆ ಹೋಗುವಷ್ಟು ಅಗಲಕ್ಕೆ ಕಿಂಡಿ ಒಡೆದಿಟ್ಟು ಕೊಂಕಪ್ಪ ಹೊಳೆಗೆ ಹೊರಟ. ಸಾಕವ್ವ ಕೂಸನ್ನು ಹಿಂದಕ್ಕೆ ತಳ್ಳಿ, ತಾನೇ ಕಿಂಡಿಗೆ ಅಡ್ಡವಾಗಿ ಕೂತಳು. ಗಾರೆ ಇಲ್ಲದ ಕಡೆ ಮೈ ಇಟ್ಟಳು. ಇನ್ನೇನು ಮಾಡಿಯಾಳು.

ಮುಚ್ಚಳ ಜಾರುತ್ತಿತ್ತು. ಎರಡು ಸಲ ಬಿತ್ತು, ಎರಡು ಸಲ ಎತ್ತಿಕೊಂಡ. ದಾರಿಯಲ್ಲಿ ಬಸರಿ ಮರಕ್ಕೆ ಹೋಗಿ ನೆರೆಯವರನ್ನೆಲ್ಲ ಕರೆದ. ಕುಟ್ರುಹಕ್ಕಿ ಬಂತು, ಅದರ ಹೆಂಡತಿ ಬಂದಳು, ಎರಡು ಗೊರವಂಕ ಬಂದವು. ಕಾಜಾಣ ಎಲ್ಲರಿಗಿಂತ ಮುಂದೆ ಹಾರುತ್ತ, "ಉಪ್ಪಿನಕಾಯಿ ಜಾಡಿಗೆ ಗೃಹಪ್ರವೇಶ, ಬನ್ನಿ ಬನ್ನಿ," ಅಂತ ಕೊಂಕಪ್ಪನ ದನಿಯಲ್ಲೇ ಸಾರಿತು.

ಎಲ್ಲರೂ ತಾರೆ ಮರದ ಕೊಂಬೆಯ ಮೇಲೆ ಸಾಲಾಗಿ ಕೂತರು.

"ಕಿಂಡಿ ಒಳ್ಳೆ ಅಗಲವಾಗಿದೆ," ಅಂತು ಕುಟ್ರುಹಕ್ಕಿ. "ಈಗ ಇದನ್ನ ಮನೆ ಅನ್ನಬಹುದು."

ಕೊಂಕಪ್ಪನ ಎದೆ ಉಬ್ಬಿತು. ಮುಚ್ಚಳವನ್ನು ಕೊಂಬೆಯ ಸಂದಿಯಲ್ಲಿ ಇಟ್ಟು, "ಲೇ, ಯಾರು ಬಂದಿದಾರೆ ನೋಡೇ," ಅಂತ ಕರೆದ.

ಕಿಂಡಿಯಲ್ಲಿ ಕೊಕ್ಕು ಕಾಣಲಿಲ್ಲ.

ಎಲ್ಲರೂ ಕತ್ತು ಚಾಚಿ ಇಣುಕಿದರು. ಎಲ್ಲ ಚೊಕ್ಕವಾಗಿಯೇ ಇತ್ತು. ನವಿಲುಗರಿ ಗೋಡೆಯಲ್ಲಿತ್ತು. ಹಾವಿನ ಪೊರೆ ಗಾಳಿಗೆ ಅಲ್ಲಾಡುತ್ತಿತ್ತು. ಅರಳೆಯ ಹಾಸಿಗೆ ಮೆತ್ತಗೆ ಹಾಸಿತ್ತು, ಒಂದು ಕಡೆ ಮಾತ್ರ ಕೆಂಪಗಿತ್ತು. ಹಾಸಿಗೆಯ ಮೇಲೆ ಉಡ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ಸಾಕವ್ವ ಇರಲಿಲ್ಲ. ಕೂಸೂ ಇರಲಿಲ್ಲ. ಇನ್ನೊಂದು ಮೊಟ್ಟೆಯ ಒಡೆದ ಚಿಪ್ಪು ಮೂಲೆಯಲ್ಲಿ ಬಿದ್ದಿತ್ತು.

ಉಡ ಒಂದು ಕಣ್ಣು ತೆರೆಯಿತು.

"ಬನ್ನಿ, ಬನ್ನಿ. ಜಾಗ ಚಿಕ್ಕದು, ಆದರೆ ತುಂಬ ಅನುಕೂಲ. ಮೂತಿ ಚಾಚಿದರೆ ಅಡುಗೆಮನೆ, ಬಾಲ ಒರಗಿಸಿದರೆ ಮಲಗೋ ಕೋಣೆ." ಆಮೇಲೆ ಕೊಂಕಪ್ಪನ ಕಡೆ ತಿರುಗಿ, "ಹೋದ ಸಲ ಬಂದಾಗ ಕಿಂಡಿ ಚಿಕ್ಕದಿತ್ತು ಕಣಯ್ಯ. ನೀನು ದೊಡ್ಡದು ಮಾಡಿಸಿದ್ದು ಒಳ್ಳೇದಾಯ್ತು," ಅಂತು.

ಗೊರವಂಕಗಳು ಮೊದಲು ಹಾರಿಹೋದವು. ಕುಟ್ರುಹಕ್ಕಿ, ಮನೆಯಲ್ಲಿ ಕೆಲಸವಿದೆ ಅಂತ ಹೆಂಡತಿಯನ್ನು ಕರೆದುಕೊಂಡು ಹೋಯಿತು. ಕಾಜಾಣ ಮಾತ್ರ ಉಳಿಯಿತು.

ಉಡ ಮೂರು ದಿನ ಇದ್ದು, ತಿನ್ನಲು ಬೇರೇನೂ ಸಿಗದೆ ಇಳಿದುಹೋಯಿತು. ಅದು ಹೋದ ಮೇಲೆ ಕೊಂಕಪ್ಪ ಗರಿ, ಪೊರೆ, ಅರಳೆ ಎಲ್ಲವನ್ನೂ ಹೊರಗೆ ಎಳೆದು ಹಾಕಿದ. ಸಾಕವ್ವ ಉದುರಿಸಿದ್ದ ಗರಿಗಳನ್ನು ಮಾತ್ರ ಮುಟ್ಟಲಿಲ್ಲ. ಬಸರಿ ಹಣ್ಣು ತಿಂದು ತಿಂದು ಕಿಂಡಿಗೆ ಹೊರಗಿನಿಂದ ಗಾರೆ ಮೆತ್ತತೊಡಗಿದ. ಮೂರು ಕೊಕ್ಕಿನಗಲ, ಎರಡು, ಕೊನೆಗೆ ಒಂದು.

ಆಮೇಲೆ ದಿನಾ ಬೆಳಿಗ್ಗೆ ಗಂಟಲ ತುಂಬ ಹಣ್ಣು ತಂದು, ಆ ಕಿಂಡಿಯಲ್ಲಿ ಒಂದೊಂದಾಗಿ ಒಳಗೆ ಹಾಕುತ್ತಿದ್ದ. ಹಣ್ಣು ಒಳಗೆ ಬಿದ್ದ ಸದ್ದು ಕೇಳುತ್ತಿತ್ತು. ತೆಗೆದುಕೊಂಡ ಸದ್ದು ಕೇಳುತ್ತಿರಲಿಲ್ಲ.

ಕಾಜಾಣ ಪಕ್ಕದ ಕೊಂಬೆಯಲ್ಲಿ ಕೂತು ಇದನ್ನು ನೋಡುತ್ತಿತ್ತು. ಎಲ್ಲರ ದನಿಯೂ ಬರುತ್ತಿದ್ದ ಅದರ ಗಂಟಲಿಗೆ ಅವತ್ತಿನಿಂದ ಒಂದು ಚೇಷ್ಟೆಯ ಮಾತೂ ಬರಲಿಲ್ಲ.

ನೀತಿ: ಚಿಕ್ಕ ಮನೆಗೆ ಏನು ಬೇಕು ಅಂತ ಅದರೊಳಗೆ ಬದುಕುವವರನ್ನು ಕೇಳಿ. ಹೊರಗೆ ನಿಂತು ಇಣುಕುವವರು ಯಾವಾಗಲೂ ದೊಡ್ಡ ಕಿಂಡಿಯನ್ನೇ ಕೇಳುತ್ತಾರೆ.