ಸವಳು ಬಾವಿಯ ಗ್ರಂಥ

ವರದಾ ಹೊಳೆಯ ದಂಡೆಯ ಮೇಲೆ ಮರುಳಜ್ಜಾರ ಆಶ್ರಮವಿತ್ತು.

ಹೆಸರು ಮಾಡಿದ ಪಂಡಿತರಿಗೆ ಅರಮನೆಗಳಿದ್ದವು, ದೊಡ್ಡ ಮಠಗಳಿದ್ದವು. ಯಾರಿಗೂ ಗೊತ್ತಿಲ್ಲದ ವಿದ್ವಾಂಸನೊಬ್ಬ ತನ್ನ ಮೊದಲ ಗ್ರಂಥವನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲಿಗೆ ಹೋಗಬೇಕು? ಅಂಥವರು ಇಲ್ಲಿಗೆ ಬರುತ್ತಿದ್ದರು.

ವರ್ಷಕ್ಕೊಮ್ಮೆ ಹುಣ್ಣಿಮೆಯ ದಿನ ಆಶ್ರಮದ ಚಾವಡಿಯಲ್ಲಿ ಪಂಡಿತರು ಕೂಡುವರು. ಬರೆದವನು ತಾನೇ ಓದಬೇಕು, ಕೇಳಿದ್ದಕ್ಕೆ ತಾನೇ ಉತ್ತರ ಹೇಳಬೇಕು. ಸಭೆ ಒಪ್ಪಿದರೆ ಲಿಪಿಕಾರರು ಪ್ರತಿ ಮಾಡಿ ಊರೂರಿನ ಮಠಗಳಿಗೆ ಕಳಿಸುವರು. ಒಪ್ಪದಿದ್ದರೆ ಆ ಗ್ರಂಥವನ್ನು ಅಲ್ಲಿ ಮತ್ತೆಂದೂ ಓದುವಂತಿಲ್ಲ.

ಬಂದವರ ಗ್ರಂಥಗಳನ್ನು ಸಭೆಗೆ ಸಿದ್ಧಮಾಡುವ ಕೆಲಸ ಆ ವರ್ಷ ಶಿಷ್ಯ ರುದ್ರಮುನಿಯ ಪಾಲಿಗೆ ಬಂತು. ರುದ್ರಮುನಿ ಜಾಣ. ಭಾಷೆ ಅವನು ಹೇಳಿದ ಹಾಗೆ ಕೇಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ.

ಒಂದು ಮಧ್ಯಾಹ್ನ ಕಲ್ಲಿನಾಥನೆಂಬ ಬಡಕಲು ಯುವಕ ತಾಳೆಗರಿಯ ಕಟ್ಟು ಹಿಡಿದು ಬಂದ. ಬಾವಿಯ ನೀರು ಏಕೆ ಸವಳಾಗುತ್ತದೆ ಎಂಬುದರ ಮೇಲೆ ಅವನು ಗ್ರಂಥ ಬರೆದಿದ್ದ. ಅದಕ್ಕಾಗಿ ಊರೂರು ತಿರುಗಿ, ಬಾವಿ ಬಾವಿಯ ನೀರು ಕುಡಿದಿದ್ದ. ಹೋದ ಮಠಗಳಲ್ಲೆಲ್ಲ "ನಿನ್ನ ಗುರು ಯಾರು?" ಎಂದು ಕೇಳಿ, ಕಟ್ಟು ಬಿಚ್ಚಿಯೂ ನೋಡದೆ ಕಳಿಸಿದ್ದರು.

"ಅಷ್ಟು ನೀರು ಕುಡದಿ. ಹೊಟ್ಟಿ ಕೆಡಲಿಲ್ಲೇನು?" ಎಂದು ಮರುಳಜ್ಜಾರು ಕೇಳಿದರು.

"ಭಾಳ ಸರ್ತಿ ಕೆಟ್ಟೈತ್ರಿ ಅಜ್ಜಾರ. ಅದನ್ನೂ ಬರದೀನ್ರಿ."

ಅಜ್ಜಾರು ಮನಸಾರೆ ನಕ್ಕರು.

"ಇಲ್ಲೂ ಆಗಲಿಲ್ಲಂದ್ರ?"

"ಬಿಟ್ಟ ಬಿಡ್ತೀನಿ ಅಂತ ಮಾವಗ ಮಾತು ಕೊಟ್ಟೀನ್ರಿ. ಅವರದೊಂದು ಎಣ್ಣಿ ಗಾಣ ಐತಿ. ಎತ್ತಿನ ಹಿಂದ ತಿರಗಬೇಕು." ಇಷ್ಟು ಹೇಳಿ ಅವನು ನೆಲ ನೋಡಿದ.

"ರುದ್ರಮುನಿ," ಎಂದರು ಅಜ್ಜಾರು, "ಈ ತಮ್ಮನ್ನ ಸಭಾಕ್ಕ ಮುಟ್ಟಸೋದು ನಿನ್ನ ಕೆಲಸ."

ರುದ್ರಮುನಿ ಗರಿಗಳನ್ನು ಬಿಚ್ಚಿ ಓದಿದ. 'ಈ ಬಾವಿಯ ನೀರು ಕುಡಿದೆ. ಉಪ್ಪು ತಡವಾಗಿ ತಿಳಿಯಿತು. ಬೇಳೆ ಬೇಯಲಿಲ್ಲ.' ಪುಟಗಟ್ಟಲೆ ಇದೇ ಬಗೆ.

ಅವನಿಗೆ ಅಯ್ಯೋ ಅನ್ನಿಸಿತು. ಇಷ್ಟೆಲ್ಲ ಅಲೆದು ಬಂದವನು ಸಭೆಯಲ್ಲಿ ನಗೆಪಾಟಲಾಗುತ್ತಾನಲ್ಲ ಎಂದು ನಿಜವಾಗಿಯೂ ನೊಂದ. ಊಟ ಸ್ನಾನ ಮರೆತು ಕೂತು ಗ್ರಂಥವನ್ನು ಪೂರಾ ತಿದ್ದಿದ. ಮೊದಲಿಗೆ ಜಲದೇವತೆಯ ಸ್ತುತಿ ಬಂತು. ವಾಕ್ಯಗಳು ಉದ್ದವಾದವು. ಬೇಯದ ಬೇಳೆಯ ಜಾಗದಲ್ಲಿ ಅಗ್ನಿಗೂ ಜಲಕ್ಕೂ ಇರುವ ಅನಾದಿ ವೈರದ ವರ್ಣನೆ ಬಂದು ಕೂತಿತು. ಕೆಟ್ಟ ಹೊಟ್ಟೆಯ ಸುದ್ದಿಯನ್ನಂತೂ ಅವನು ಕೈಬಿಟ್ಟ.

ಕಲ್ಲಿನಾಥ ಓದಿ ಬೆರಗಾದ. "ಇದು ನಾ ಬರದದ್ದ ಏನ್ರಿ?"

"ನಿಂದ. ಸ್ವಲ್ಪ ಹಸನ ಮಾಡೀನಿ, ಅಷ್ಟ."

ಶುದ್ಧ ಪ್ರತಿ ಆದ ಮೇಲೆ ಕರಡು ಗರಿಗಳನ್ನು ಬರೆದವನ ಕೈಯಿಂದಲೇ ಹೊಳೆಗೆ ಬಿಡಿಸುವುದು ಆಶ್ರಮದ ಪದ್ಧತಿ. ಕಲ್ಲಿನಾಥ ನೀರಿಗಿಳಿದು ಗರಿಗಳನ್ನು ಒಂದೊಂದಾಗಿ ಬಿಟ್ಟ.

ಸಭೆ ಹತ್ತಿರ ಬಂದಾಗ ಅಜ್ಜಾರು ಇಬ್ಬರನ್ನೂ ಕರೆದು ಓದಿಸಿದರು. ಕಲ್ಲಿನಾಥ ಹೆಜ್ಜೆ ಹೆಜ್ಜೆಗೂ ತಡವರಿಸಿದ.

"ಮಳಿಗಾಲದಾಗ ಸವಳು ಹೆಚ್ಚಾಗತೈತೋ, ಕಡಿಮಿ ಆಗತೈತೋ?" ಅಜ್ಜಾರು ನಡುವೆ ಕೇಳಿದರು.

ಕಲ್ಲಿನಾಥ ಗರಿಗಳನ್ನು ಹಿಂದೆ ಮುಂದೆ ತಿರುವಿದ. ಅದು ಎಲ್ಲಿದೆಯೋ ಸಿಗಲಿಲ್ಲ. ಕೊನೆಗೆ ರುದ್ರಮುನಿಯ ಮುಖ ನೋಡಿದ. ರುದ್ರಮುನಿ ಸೊಗಸಾಗಿ ಉತ್ತರ ಹೇಳಿದ.

"ಚಲೋ ಹೇಳಿದಿ," ಎಂದು ಅಜ್ಜಾರು ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಒಂದು ತಂಬಿಗೆ ನೀರು ತಂದು ಕಲ್ಲಿನಾಥನ ಮುಂದಿಟ್ಟರು.

"ಈ ಊರಿನ ಬಾವಿ ಎಲ್ಲಾ ಕುಡದು ನೋಡಿದಿ. ಇದು ಯಾವ ಬಾವಿದು, ಹೇಳು."

ಕಲ್ಲಿನಾಥ ಕುಡಿದ. ಮತ್ತೊಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದ.

"ಬೆಲ್ಲ ಕಲಸೀರಿ ಅಜ್ಜಾರ. ಏಲಕ್ಕಿನೂ ಐತಿ. ಬಾವಿ ಗೊತ್ತಾಗವಲ್ದು."

"ರುಚಿ ಹೆಂಗೈತಿ?"

"ರುಚಿ ಚಲೋ ಐತ್ರಿ."

ಅಜ್ಜಾರು ತಂಬಿಗೆಯನ್ನು ರುದ್ರಮುನಿಯ ಕಡೆ ಸರಿಸಿದರು. "ನೀನೂ ಕುಡಿ."

ರುದ್ರಮುನಿ ಕುಡಿದ. ಎರಡನೆಯ ಗುಟುಕಿಗೆ ಎತ್ತಿದ ತಂಬಿಗೆಯನ್ನು ಹಾಗೇ ಕೆಳಗಿಟ್ಟ. ಅವನ ಮುಖ ಕೆಂಪಾಯಿತು.

"ಅಜ್ಜಾರ, ಪಂಡಿತರು ನಗತಿದ್ರು. ಈತಗ ಅವಮಾನ ಆಗಬಾರದು ಅಂತ ಮಾಡಿದ್ನಿ."

"ಗೊತ್ತೈತಿ. ಮರುಕ ಇಲ್ಲದವರು ಬೆಲ್ಲ ಹಾಕೂದಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತಿಗೆ ರುದ್ರಮುನಿಯ ಕಣ್ಣು ತುಂಬಿ ಬಂತು.

"ಹಳೇ ಗರಿ ಹೊಳಿ ಪಾಲಾದುವು. ಈಗ ಏನ್ ಮಾಡ್ಲಿ?"

"ನೀರು ಕುಡದ ಬಾಯಿ ಇಲ್ಲೇ ಐತಲ್ಲ. ಅದು ಹೇಳಲಿ, ನೀ ಬರಿ."

"ಒಂದ ಮಾತೂ ತಿದ್ದಬಾರದೇನ್ರಿ?"

"ತಿಳೀದಿದ್ರ ಕೇಳು. ತಿಳದ್ರ ಸುಮ್ಮನ ಬರಿ."

ಹೊಂಗೆಯ ಮರದ ಕೆಳಗೆ ಇಬ್ಬರೂ ಕೂತರು. ಕಲ್ಲಿನಾಥ ಹೇಳುತ್ತಾ ಹೋದ, ರುದ್ರಮುನಿ ಕಬ್ಬಿಣದ ಕಂಟ ಹಿಡಿದು ಗರಿಯ ಮೇಲೆ ಕೊರೆಯುತ್ತಾ ಹೋದ. 'ಬೇಳೆ ಬೇಯಲಿಲ್ಲ' ಎಂದು ಬರೆಯುವಾಗ ಅದನ್ನು ತಿದ್ದಲು ಅವನ ಕೈ ತುರಿಸಿತು. ತಡೆಯಲಾಗದೆ ಎದ್ದು ಹೊಳೆಯ ತನಕ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು, ಮತ್ತೆ ಬಂದು ಕೂತ.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದ ಅಜ್ಜಾರು ಇದನ್ನು ನೋಡಿ ಮತ್ತೆ ಜೋಳಕ್ಕೆ ಕೈ ಹಾಕಿದರು.

ಒಂದು ಕಡೆ ರುದ್ರಮುನಿ ಕಂಟ ನಿಲ್ಲಿಸಿದ. ಈ ಬಾರಿ ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

"ಉಪ್ಪು ತಡಾಗಿ ತಿಳೀತು ಅಂದ್ರ ಏನು?"

"ಕೆಲವು ನೀರು ನಾಲಿಗಿ ತುದಿಗೆ ಉಪ್ಪ ಹತ್ತತಾವ್ರಿ. ಅಲ್ಲಿ ಬಾವಿ ಮಣ್ಣ ಸವಳು. ಕೆಲವು ನುಂಗಿದ ಮ್ಯಾಲೆ ಗಂಟಲಾಗ ತಿಳೀತಾವು. ಅಲ್ಲಿ ಸವಳು ಎಲ್ಲೋ ದೂರಿಂದ ಹರದು ಬಂದಿರತೈತಿ. ಅಂಥಾದನ್ನ ಎಷ್ಟು ಆಳ ತೋಡಿದ್ರೂ ಸಿಹಿ ಆಗೂದಿಲ್ರಿ."

"ಇದನ್ನ ಯಾಕ ಮೊದಲ ಬರದಿರಲಿಲ್ಲ?"

"ಎಲ್ಲಾರಿಗೂ ಗೊತ್ತಿರತೈತಿ ಅಂದಕೊಂಡಿದ್ನಿ."

"ನನಗ ಗೊತ್ತಿರಲಿಲ್ಲ," ಎಂದ ರುದ್ರಮುನಿ. ಹಾಗೆ ಹೇಳಿ ಅವನಿಗೆ ರೂಢಿ ಇರಲಿಲ್ಲ. ಹೇಳಿದ ಮೇಲೆ ಒಂಥರಾ ಹಗುರೆನಿಸಿತು. ಕಲ್ಲಿನಾಥ ಹೇಳಿದ್ದನ್ನೂ ಗರಿಯಲ್ಲಿ ಬರೆದುಕೊಂಡ.

ಹುಣ್ಣಿಮೆ ಬಂತು. ಚಾವಡಿ ತುಂಬಿತು. ಕಲ್ಲಿನಾಥ ಓದಲು ಶುರುಮಾಡಿದ. ಈಗ ಅವನು ತಡವರಿಸಲಿಲ್ಲ, ಗರಿಯನ್ನೂ ಅಷ್ಟಾಗಿ ನೋಡಲಿಲ್ಲ.

ಬೇಳೆಯ ಮಾತು ಬಂದದ್ದೇ ಮುಂದಿನ ಸಾಲಿನ ದಪ್ಪ ಪಂಡಿತರೊಬ್ಬರು, "ಬ್ಯಾಳಿ ಶಾಸ್ತ್ರನೂ ಬಂತಲ್ಲಪಾ," ಎಂದರು. ಸಭೆ ಗೊಳ್ಳೆಂದು ನಕ್ಕಿತು.

ರುದ್ರಮುನಿ ಹೆದರಿದ್ದೇ ಆಗಿಹೋಯಿತು. ಉತ್ತರ ಅವನ ನಾಲಗೆಯ ತುದಿಗೆ ಬಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಾರ ಕೈ ಅವನ ಮೊಣಕಾಲ ಮೇಲೆ ಬಂತು. ಅವನು ತುಟಿ ಕಚ್ಚಿ ಕೂತ.

ಕಲ್ಲಿನಾಥ ಕೈ ಮುಗಿದು ಕೇಳಿದ. "ಬುದ್ಧಿ, ನಿಮ್ಮ ಮನ್ಯಾಗ ಬ್ಯಾಳಿ ಲಗೂನ ಬೇಯತಾವೇನ್ರಿ?"

ಪಂಡಿತರು ಯೋಚಿಸಿದರು. "ಇಲ್ಲ. ನಮ್ಮಾಕಿ ದಿನಾ ಕಟಿಗಿಗೆ ಬೈತಾಳ."

"ಕಟಿಗಿದು ತಪ್ಪಿಲ್ರಿ. ಬಾವಿ ನೀರು ಬಾಯಾಗ ಎಲ್ಲಿ ಉಪ್ಪ ಹತ್ತತೈತಿ?"

ಅಲ್ಲಿಂದ ಮುಂದೆ ಯಾರೂ ನಗಲಿಲ್ಲ. ತಂತಮ್ಮ ಊರಿನ ಬಾವಿಗಳ ಬಗ್ಗೆ ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಕಲ್ಲಿನಾಥ ಹೇಳುತ್ತಾ ಹೋದ. ಕಡಲ ದಂಡೆಯ ಬಾವಿಗಳ ಕತೆ ಏನು ಎಂದು ಯಾರೋ ಕೇಳಿದಾಗ ಮಾತ್ರ ಅವನು ನಿಂತ.

"ಅಲ್ಲಿ ನೀರು ನಾ ಕುಡದಿಲ್ರಿ. ಗೊತ್ತಿಲ್ಲ."

ಎಲ್ಲರಿಗಿಂತ ಹಿರಿಯ ಪಂಡಿತರು, ಗೋಡೆಗೆ ಒರಗಿದ್ದವರು, ನೆಟ್ಟಗೆ ಕೂತರು.

"ಈ ಚಾವಡ್ಯಾಗ ಗೊತ್ತಿಲ್ಲ ಅನ್ನೋ ಮಾತು ಕೇಳಿ ಭಾಳ ದಿನ ಆಗಿತ್ತು," ಎಂದರು ಅವರು. "ಉಳದ ಮಾತೆಲ್ಲಾ ನಂಬಬಹುದು. ಪ್ರತಿ ಮಾಡಸ್ರಿ."

ಕಲ್ಲಿನಾಥ ಗರಿಯ ಕಟ್ಟನ್ನು ಎದೆಗೊತ್ತಿಕೊಂಡು ಎಲ್ಲರೆದುರೇ ಅತ್ತುಬಿಟ್ಟ.

ಸಂಜೆ ಲಿಪಿಕಾರರು ಬಂದರು. ಕೊನೆಯ ಗರಿಯಲ್ಲಿ ಬರೆದವನ ಹೆಸರು, ಅದರ ಕೆಳಗೆ ಸಭೆಗೆ ಸಿದ್ಧಮಾಡಿದವನ ಹೆಸರು ಹಾಕುವುದು ವಾಡಿಕೆ. ಕಲ್ಲಿನಾಥನ ಹೆಸರು ಬರೆದು ಲಿಪಿಕಾರ ತಲೆಯೆತ್ತಿದ.

"ಕೆಳಗ ಯಾರ ಹೆಸರು ಅಜ್ಜಾರ?"

"ನಂದು ಬ್ಯಾಡ್ರಿ," ಎಂದ ರುದ್ರಮುನಿ. "ಇದರಾಗ ನಂದು ಒಂದ ಮಾತೂ ಇಲ್ಲ. ನಾ ಏನೂ ಮಾಡಿಲ್ಲ."

ಮರುಳಜ್ಜಾರು ಲಿಪಿಕಾರನ ಕಡೆ ತಿರುಗಿದರು.

"ಏನೂ ಮಾಡದ ಕುಂಡ್ರಾಕ ಈತ ಎಷ್ಟು ಸಂಕಟ ಪಟ್ಟಾನ, ನಾ ನೋಡೀನಿ. ಹೆಸರು ಬರಿ."