ಒಂಟೆಯ ಮೇಲಿಟ್ಟ ಬೆರಳು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ನೀಲಕಂಠಪ್ಪ ಮಾಸ್ತರರು. ಮಕ್ಕಳನ್ನು ಚದುರಂಗದ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದಾಗ, ಆರ್ಮೇನಿಯಾ ದೇಶದಿಂದ ಬಂದಿದ್ದ ಒಬ್ಬ ವೃದ್ಧ ತೀರ್ಪುಗಾರರ ಬಾಯಿಂದ ಅವರು ಕೇಳಿದ್ದರಂತೆ. ಮಾಸ್ತರರು ಹೇಳಿದ ಹಾಗೆಯೇ ಬರೆಯುತ್ತೇನೆ. ಮರೆತ ಕಡೆ ನನ್ನದೇನನ್ನೂ ಸೇರಿಸಿಲ್ಲ.

ಆ ದೇಶದಲ್ಲಿ ಸೆವಾನ್ ಎಂಬ ದೊಡ್ಡ ಸರೋವರವಿದೆ. ಅದರ ದಂಡೆಯಲ್ಲಿ, ಹಳೆಯ ಕಲ್ಲಿನ ಮಠದ ಕೆಳಗೆ, ಒಂದೇ ಕೋಣೆಯ ಮನೆಯಲ್ಲಿ ಮೆಸ್ರೋಪ್ ಎಂಬ ಗುರುಗಳಿದ್ದರು. ಅವರು ಜೀವಮಾನವೆಲ್ಲ ಕಲಿಸಿದ ವಿದ್ಯೆ ಚದುರಂಗ ಒಂದೇ.

ಅವರ ಶಿಷ್ಯ ಝಾವೆನ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಊರು ಬಿಟ್ಟವನು, ಇಪ್ಪತ್ತಮೂರಕ್ಕೆ ಗ್ರಾಂಡ್‌ಮಾಸ್ಟರ್ ಆದ. ಆಮೇಲೆ ಹದಿನೈದು ವರ್ಷ ದೇಶದ ತಂಡದಲ್ಲಿ ಅವನದೇ ಮೊದಲ ಸ್ಥಾನ. ಅವನ ಆಟಗಳನ್ನು ಅಲ್ಲಿಯ ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರಂತೆ.

ಒಂದು ವರ್ಷ, ಚಳಿ ಇಳಿಯುವ ಹೊತ್ತಿಗೆ, ಅವನು ಗುರುವಿನ ಬಾಗಿಲಿಗೆ ಬಂದ. ನಲವತ್ತೆರಡಕ್ಕೇ ತಲೆ ಪೂರ್ತಿ ನರೆತಿತ್ತು.

"ಏನಾಯಿತು ಮಗು?"

"ಗುರುಗಳೇ, ಕೈ ನಡೆಯುತ್ತಿಲ್ಲ."

"ಅಂದರೆ?"

"ಯಾವ ಕಾಯಿ ನಡೆಸಬೇಕೆಂದು ಗೊತ್ತಿರುತ್ತದೆ. ಕೈ ಅದರ ಹತ್ತಿರದವರೆಗೂ ಹೋಗುತ್ತದೆ. ಅಲ್ಲೇ ನಿಂತುಬಿಡುತ್ತದೆ. ಗಡಿಯಾರ ಓಡುತ್ತಲೇ ಇರುತ್ತದೆ. ಈ ವರ್ಷ ಏಳು ಆಟ ಸಮಯ ಮುಗಿದೇ ಸೋತೆ."

"ವೈದ್ಯರು ಏನೆಂದರು?"

"ನರದಲ್ಲಿ ದೋಷವಿಲ್ಲ ಎಂದರು. ಬರುವ ಭಾನುವಾರ ನಮ್ಮೂರ ಚದುರಂಗದ ಮನೆಯಲ್ಲಿ ನನಗೆ ಸನ್ಮಾನವಿದೆ. ತಂಡದ ಜೊತೆ ಮತ್ತೆ ಹೊರಡುತ್ತೇನೋ ಇಲ್ಲವೋ, ಅಲ್ಲಿಯೇ ಹೇಳಬೇಕು. ಈ ಆಟ ಬಿಟ್ಟು ನನಗೆ ಬೇರೆ ಬದುಕು ಗೊತ್ತಿಲ್ಲ. ನನ್ನ ಕೈ ನನಗೆ ಮರಳಿಸಿಕೊಡಿ."

ಗುರುಗಳು ಒಂದು ಬುಟ್ಟಿ ತಂದು ಅವನ ಮುಂದಿಟ್ಟರು. "ಮೀನು ಶುಚಿ ಮಾಡು" ಎಂದರು. ಆ ಸೀಮೆಯ ಊಟ ಅದು.

ಮೂರು ದಿನ ಝಾವೆನ್ ಮೀನು ಸೀಳಿದ, ನೀರು ಹೊತ್ತ, ಸೌದೆ ಒಡೆದ. ಕೈ ಎಲ್ಲಿಯೂ ನಿಲ್ಲಲಿಲ್ಲ.

ನಾಲ್ಕನೆಯ ದಿನ ಗುರುಗಳು ಚದುರಂಗದ ಹಲಗೆ ಬಿಡಿಸಿ ಕಾಯಿ ಹೂಡಿದರು. ಕುದಿಯುವ ಚಹಾ ಎರಡು ಲೋಟಕ್ಕೆ ಬಗ್ಗಿಸಿ, "ಆಡು" ಎಂದರು.

ಝಾವೆನ್‌ನ ಕೈ ಎದ್ದಿತು. ಕಾಯಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಚಹಾ ಆರಿತು. ಕೈ ಅಲ್ಲಿಯೇ ಇತ್ತು.

"ಇದೇನು ಮಗು? ಮೀನಿಗೆ ಹೆದರಲಿಲ್ಲ, ಕೊಡಲಿಗೆ ಹೆದರಲಿಲ್ಲ. ಗ್ರಾಂಡ್‌ಮಾಸ್ಟರ್‌ಗೆ ಮರದ ಕುದುರೆ ಒದೆಯುತ್ತದೆಯೇ?"

"ಹಾಸ್ಯ ಬೇಡ ಗುರುಗಳೇ."

"ಹಾಸ್ಯವಲ್ಲ, ಕೇಳುತ್ತಿದ್ದೇನೆ. ಯಾವ ಕಾಯಿಯ ಹತ್ತಿರ ಹೆದರಿಕೆ ಹೆಚ್ಚು?"

ಝಾವೆನ್ ಕೈ ಹಿಂದಕ್ಕೆ ತೆಗೆದು, "ಒಂಟೆ" ಎಂದ.

"ಹೇಳು."

"ಹ್ರಾಂತ್ ಜೊತೆ ನಾನು ಆಡಿದ ಆಟ ನಿಮಗೆ ನೆನಪಿದೆಯೇ?"

"ಕಲ್ಲುಕುಟಿಗನ ಮಗ. ನೆನಪಿದೆ. ಗೆದ್ದವನಿಗೆ ರಾಜಧಾನಿಯ ಶಾಲೆ. ಸೋತವನಿಗೆ ಊರೇ ಗತಿ. ಇಪ್ಪತ್ತಮೂರು ವರ್ಷವಾಯಿತು."

"ಅವನು ತಲೆ ಬಗ್ಗಿಸಿ ತನ್ನ ನಡೆಯನ್ನು ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ನಾನು ಒಂಟೆಯ ಮೇಲೆ ಬೆರಳಿಟ್ಟೆ. ಇಟ್ಟ ಮೇಲೆ ಕಂಡಿತು, ಒಂಟೆ ಸರಿಸಿದರೆ ಮಂತ್ರಿ ಹೋಗುತ್ತದೆ, ಆಟವೂ ಹೋಗುತ್ತದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮ ಮಕ್ಕಳಿಗೂ ಗೊತ್ತು. ನಾನು ಬೆರಳು ತೆಗೆದು ಕುದುರೆ ನಡೆಸಿದೆ."

"ಆಮೇಲೆ?"

"ಹ್ರಾಂತ್ ಕಡೆಗಣ್ಣಿನಲ್ಲಿ ಕಂಡಿದ್ದ. ಒಂಟೆ ಮುಟ್ಟಿದ ಎಂದು ದೂರಿದ. ನಾನು ಇಲ್ಲವೆಂದೆ. ನೀವು ಪಕ್ಕದಲ್ಲಿಯೇ ನಿಂತಿದ್ದಿರಿ. ತೀರ್ಪುಗಾರರು ನಿಮ್ಮನ್ನು ಕೇಳಿದರು. ನೀವು ನೋಡಲಿಲ್ಲ ಎಂದಿರಿ. ನೀವು ನೋಡದೆ ಇದ್ದದ್ದು ನನ್ನ ಪುಣ್ಯ ಎಂದುಕೊಂಡೆ."

"ನೋಡಿದ್ದೆ" ಎಂದರು ಗುರುಗಳು.

ಹೊರಗೆ ಸರೋವರದ ಅಲೆ ಕಲ್ಲಿಗೆ ಬಡಿಯುವುದು ಕೇಳುತ್ತಿತ್ತು.

"ನೋಡಿದ್ದಿರಾ? ಮತ್ತೆ ಏಕೆ ಹಾಗೆಂದಿರಿ?"

"ಈ ಊರಿನಿಂದ ಒಬ್ಬ ಗ್ರಾಂಡ್‌ಮಾಸ್ಟರ್ ಹೊರಡಬೇಕು, ಅವನು ನನ್ನ ಕೈಯಲ್ಲಿ ಕಲಿತವನಾಗಿರಬೇಕು ಎಂಬ ಆಸೆಯಿತ್ತು. ಆಸೆ ಆ ಸುಳ್ಳು ಹೇಳಿಸಿತು ಎನ್ನಬಹುದು. ಆದರೆ ಹೇಳಿದವನು ನಾನು."

"ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲವಲ್ಲ!"

"ನೀನೇ ಬಂದು ಹೇಳುತ್ತೀಯ ಎಂದು ಕಾದೆ. ನೀನು ಬಂದಾಗಲೆಲ್ಲ ಪದಕ ತಂದೆ."

ಗುರುಗಳು ಎದ್ದು ಕೋಟು ಹಾಕಿಕೊಂಡರು. "ಏಳು. ಹ್ರಾಂತ್‌ನ ಮನೆಗೆ ಹೋಗೋಣ."

ಹ್ರಾಂತ್ ಅಂಗಳದಲ್ಲಿ ಕೂತು ಗೋರಿಯ ಕಲ್ಲು ಕೆತ್ತುತ್ತಿದ್ದ. ಗುರುಗಳನ್ನು ಕಂಡು ತಲೆಯಾಡಿಸಿದ. ಝಾವೆನ್‌ನನ್ನು ನೋಡಿ, "ಹುಷಾರು ಮಹಾರಾಯ, ಬೆಲೆಬಾಳುವ ಕೋಟು. ಧೂಳು ಹತ್ತೀತು" ಎಂದ.

ಇಬ್ಬರೂ ನಿಂತುಕೊಂಡೇ ನಡೆದದ್ದನ್ನು ಹೇಳಿದರು. ಮೊದಲು ಶಿಷ್ಯ, ಆಮೇಲೆ ಗುರು. ಹ್ರಾಂತ್‌ನ ಉಳಿ ಒಮ್ಮೆಯೂ ನಿಲ್ಲಲಿಲ್ಲ.

"ಮುಗಿಯಿತೇ?" ಎಂದ.

"ಮುಗಿಯಿತು."

"ಒಂದು ಮಾತು ಕೇಳುತ್ತೇನೆ ಗುರುಗಳೇ. ಈಗ ನೀವು ಹೇಳಿದ್ದನ್ನು ಇಲ್ಲಿ ಯಾರು ಕೇಳಿಸಿಕೊಂಡರು?"

ಸುತ್ತ ಕಲ್ಲುಗಳಿದ್ದವು, ಅಷ್ಟೆ.

"ನಮ್ಮೂರ ಪದ್ಧತಿ ನಿಮಗೆ ಗೊತ್ತು. ದೂರು ಸಾಬೀತಾಗದಿದ್ದರೆ, ದೂರಿದವನು ಎದ್ದು ನಿಂತು, ಎದುರಾಳಿಯ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ ತಪ್ಪಾಯಿತು ಎನ್ನಬೇಕು. ಇನ್ನೂರು ಜನರ ಮುಂದೆ ನಾನು ಹಾಗೆ ಅಂದೆ. ಅಪ್ಪ ಮುಂದಿನ ಸಾಲಿನಲ್ಲಿದ್ದ. ಮನೆಗೆ ಬಂದು ಉಳಿ ಕೈಗೆ ಕೊಟ್ಟ. ಕಲ್ಲಿನ ಹತ್ತಿರ ಸುಳ್ಳು ನಡೆಯುವುದಿಲ್ಲ, ಇದನ್ನು ಕಲಿ ಎಂದ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಹೊರಗೆ ಮಳೆ ಬರುತ್ತಿದೆ ಎಂದು ನಾನು ಹೇಳಿದರೂ, ಬಾಗಿಲು ತೆರೆದು ನೋಡಿಯೇ ನಂಬುತ್ತಿದ್ದ."

"ಕ್ಷಮಿಸು ಹ್ರಾಂತ್" ಎಂದು ಝಾವೆನ್ ಕೈ ಮುಂದೆ ಮಾಡಿದ.

ಹ್ರಾಂತ್ ಆ ಕೈಯನ್ನು ನೋಡಿದ. "ಒಂದು ಸಲ ಹಿಡಿದಿದ್ದೇನಪ್ಪ. ಸಾಕು" ಎಂದ. ಮತ್ತೆ ಕಲ್ಲಿನ ಕಡೆ ತಿರುಗಿದ.

ಹಿಂದಿರುಗುವ ದಾರಿಯಲ್ಲಿ ಝಾವೆನ್ ಕೇಳಿದ: "ಅವನು ಬಯಸುವುದು ಏನೆಂದು ತಿಳಿಯಿತು ಗುರುಗಳೇ. ಆದರೆ ಊರ ಮುಂದೆ ಹೇಳಿದರೆ ನನ್ನ ಹೆಸರು ಹೋಗುತ್ತದೆ. ನಿಮ್ಮದೂ ಹೋಗುತ್ತದೆ. ಈ ವಯಸ್ಸಿನಲ್ಲಿ ನಿಮಗೆ ಇದು ಬೇಕೇ?"

ಗುರುಗಳು ಮಠದ ಒಳಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿಟ್ಟು ಬಂದರು.

ಭಾನುವಾರ ಚದುರಂಗದ ಮನೆ ತುಂಬಿತ್ತು. ಗೋಡೆಯ ಮೇಲೆ ಝಾವೆನ್‌ನ ದೊಡ್ಡ ಚಿತ್ರ ಹಾಕಿದ್ದರು. ಹ್ರಾಂತ್ ಬಂದಿರಲಿಲ್ಲ. ಅಧ್ಯಕ್ಷರು ಗುರುಗಳ ಕೈ ಹಿಡಿದು ಎಬ್ಬಿಸಿದರು. "ಈ ರತ್ನವನ್ನು ನಮಗೆ ಕೊಟ್ಟವರು ಇವರು. ಆಶೀರ್ವಾದದ ಎರಡು ಮಾತು ಆಡಬೇಕು" ಎಂದರು.

ಚಪ್ಪಾಳೆ ನಿಲ್ಲುವವರೆಗೆ ಗುರುಗಳು ಕಾದರು.

"ಇಪ್ಪತ್ತಮೂರು ವರ್ಷದ ಹಿಂದೆ, ಇದೇ ಮನೆಯಲ್ಲಿ, ಕಲ್ಲುಕುಟಿಗನ ಮಗ ಹ್ರಾಂತ್ ಒಂದು ದೂರು ಹೇಳಿದ. ನನ್ನನ್ನು ಕೇಳಿದಾಗ, ನಾನು ನೋಡಲಿಲ್ಲ ಎಂದೆ. ಅದು ಸುಳ್ಳು. ನಾನು ನೋಡಿದ್ದೆ."

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೂಗಿದಳು: "ಏನು ನೋಡಿದಿರಿ? ಅರ್ಧ ಹೇಳಿ ಬಿಡಬೇಡಿ, ಅದನ್ನೂ ಹೇಳಿ!"

"ನನ್ನ ಪಾಲಿನದು ಇಷ್ಟೇ ತಾಯಿ" ಎಂದು ಗುರುಗಳು ಕೂತರು.

ತಲೆಗಳು ಒಂದೊಂದಾಗಿ ಝಾವೆನ್‌ನ ಕಡೆ ತಿರುಗಿದವು. ಹೂವು ತಂದವರು ಹೂವನ್ನು ಮಡಿಲಿಗೆ ಇಳಿಸಿಕೊಂಡರು.

ಝಾವೆನ್ ಎದ್ದು ನಿಂತ. ಮಾತಾಡುವ ಮೊದಲು ಬಗ್ಗಿ ಗುರುವಿನ ಕಿವಿಯಲ್ಲಿ ಕೇಳಿದ.

"ಗುರುಗಳೇ, ಪಟ್ಟ, ಪದಕ, ಈ ಜನರ ಪ್ರೀತಿ, ಎಲ್ಲವೂ ಆ ಒಂದು ಆಟದಿಂದ ಬಂದದ್ದು. ಅದನ್ನೇ ಕಳೆದುಬಿಟ್ಟರೆ ಇಲ್ಲಿ ಉಳಿಯುವವನು ಯಾರು?"

ಗುರುಗಳು ಹೇಳಿದರು: "ಯಾರು ಉಳಿಯುತ್ತಾನೋ ಅವನೇ ನನ್ನ ಶಿಷ್ಯ, ಮಗು. ಅವನನ್ನು ನಾನಿನ್ನೂ ಕಂಡಿಲ್ಲ."

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಹೇಳುವಾಗ ಹ್ರಾಂತ್‌ನ ಹೆಸರನ್ನು ಬಿಡಬೇಡಿ.